ಹುಳ ಯಾರ ಗೂಡು ಸೇರಿತು?

ಕಾಡಿನೊಳಗೊಂದು ಹೊಂಡ, ಹೊಂಡದ ದಡದಲ್ಲೊಂದು ಕರಿಬೇವಿನ ಗಿಡ, ಗಿಡದ ಕೆಳಗೊಂದು ಶಾಲೆ. ಗೋಡೆ ಇಲ್ಲ, ಬಾಗಿಲಿಲ್ಲ. ಹಾಗಾಗಿ ಪುಟಾಣಿಗಳೇ, ಕಿಟಕಿ ಹಾರಿ ಓಡಿಹೋಗುವ ಮಜವೂ ಅಲ್ಲಿನ ಮಕ್ಕಳಿಗೆ ಇರಲಿಲ್ಲ. ಪಾಪ!

ಅಲ್ಲಿ ಪಾಠ ಹೇಳುತ್ತಿದ್ದವರು ಗೀಜಗ ಮೇಷ್ಟ್ರು. ಗೂಡು ನೇಯುವ ಹಕ್ಕಿ ಅಲ್ಲವೇ, ಅವರ ಪಾಠವೆಲ್ಲ ಕೈಕೆಲಸದ್ದೇ. ಒಂದು ಮಾತು ಹೇಳುವರು, ಒಂದು ನಾರು ಎಳೆಯುವರು.

ಆಗ ನಡೆಯುತ್ತಿದ್ದದ್ದು ಚಿಟ್ಟೆಯ ಪಾಠ. ಮಕ್ಕಳು ಎಲೆಗೆ ಹುಲ್ಲಿನ ಬೀಜ ಅಂಟಿಸಿ ಮೊಟ್ಟೆ ಮಾಡಿದರು. ಹೊಂಗೆ ಮೊಗ್ಗು ಪೋಣಿಸಿ ಹುಳ ಮಾಡಿದರು. ಗಿಡದ ಮೇಲೆ ನಿಜವಾದ ಹುಳವೂ ಒಂದಿತ್ತು. ಚಿಕ್ಕದಿದ್ದಾಗ ಅದು ಥೇಟ್ ಹಕ್ಕಿಯ ಹಿಕ್ಕೆ ಥರ ಇತ್ತು. ನಗಬೇಡಿ, ಹಿಕ್ಕೆಯನ್ನು ಯಾರೂ ತಿನ್ನುವುದಿಲ್ಲವಲ್ಲ, ಅದಕ್ಕೇ ಆ ವೇಷ! ಬೆಳೆದ ಮೇಲೆ ಹಸಿರಾಗಿ, ದಿನವಿಡೀ ಎಲೆ ಮೆಲ್ಲತೊಡಗಿತು.

ಆ ಹುಳವನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವಳು ಸೊಂಡಿಲಿ ಮರಿ ಕೀಚಿ. ಅವಳ ತಾಯಿ ದುಂಡಕ್ಕ. ದುಂಡಕ್ಕನಿಗೆ ಕಣ್ಣು ಮಂದ, ಮೂಗು ಉದ್ದ, ಅನುಮಾನ ಮೂಗಿಗಿಂತ ಉದ್ದ. ಒಳ್ಳೆ ಬಿಸಿಲು ಬಿದ್ದರೂ, "ಸೂರ್ಯ ಇವತ್ತು ಇಷ್ಟು ಧಾರಾಳ ಯಾಕೆ? ಒಳಗೆ ಏನೋ ಇದೆ," ಅನ್ನುವಳು.

ಒಂದು ದಿನ ಕೀಚಿ ಶಾಲೆಯಿಂದ ಕುಣಿಯುತ್ತಾ ಬಂದಳು. "ಅಮ್ಮಾ, ಹುಳ ಗೂಡು ಸೇರಿತು!"

ದುಂಡಕ್ಕನ ಮೂಗು ನೆಟ್ಟಗಾಯಿತು. "ಯಾರ ಗೂಡು?"

"ಅದರದ್ದೇ ಗೂಡು."

"ಹುಳಕ್ಕೆ ಎಲ್ಲಿಂದ ಬಂತೇ ಗೂಡು? ಗೂಡಿರೋದು ನಿಮ್ಮ ಮೇಷ್ಟ್ರಿಗೆ! ಅವರು ಹಕ್ಕಿ, ಅದು ಹುಳ. ಮಿಕ್ಕಿದ್ದು ನೀನು ಹೇಳಬೇಕಾಗಿಲ್ಲ."

ಪಕ್ಕದ ಮನೆ ಕಪ್ಪೆ ಗೊಟರಪ್ಪ ಸಮಾಧಾನ ಹೇಳಲು ಬಂದ. "ಹಂಗಲ್ಲ ಕಣಕ್ಕ. ಬೆಳೀತಾ ರೂಪ ಬದಲಾಗೋದುಂಟು. ಚಿಕ್ಕವನಿದ್ದಾಗ ನನಗೂ ಬಾಲ ಇತ್ತು."

"ಬಾಲ ಇತ್ತಾ? ಈಗೆಲ್ಲಿ ಅದು? ಯಾರಿಗೆ ಕೊಟ್ಟೆ? ಯಾಕೆ ಕೊಟ್ಟೆ?"

ಗೊಟರಪ್ಪ ಗುಳುಂ ಅಂತ ನೀರಿಗೆ ಹಾರಿದ.

ದುಂಡಕ್ಕ ಸೀದಾ ಶಾಲೆಗೆ ಹೋದಳು. "ಮೇಷ್ಟ್ರೇ, ಹುಳ ಎಲ್ಲಿ?"

ಮೇಷ್ಟ್ರು ಗಿಡದ ಒಂದು ತಗ್ಗಿನ ಕಡ್ಡಿ ತೋರಿಸಿದರು. ಮಡಚಿದ ಎಲೆಯಂಥದೊಂದು ಹಸಿರು ಗೂಡು ಸಣ್ಣ ನೂಲಿನಿಂದ ಅದಕ್ಕೆ ಕಟ್ಟಿಕೊಂಡಿತ್ತು. "ಇದರೊಳಗಿದೆ ದುಂಡಕ್ಕ. ಹತ್ತು ಹನ್ನೆರಡು ದಿನ ತಾಳಿ, ಚಿಟ್ಟೆಯಾಗಿ ಬರುತ್ತೆ."

"ಅಷ್ಟು ದಿನ ಯಾಕೆ? ನಿಮ್ಮ ಹೊಟ್ಟೇಲಿ ಅರಗೋಕಾ? ಈಗಲೇ ಬಿಚ್ಚಿ ತೋರಿಸಿ."

"ಅಯ್ಯೋ, ಬಿಚ್ಚಿದರೆ ಸತ್ತೇ ಹೋಗುತ್ತೆ! ಒಳಗೀಗ ಪೂರ್ತಿ ಹುಳವೂ ಇಲ್ಲ, ಪೂರ್ತಿ ಚಿಟ್ಟೆಯೂ ಇಲ್ಲ. ಅಂಬಲಿ ಥರ ಇದೆ. ಚೆಲ್ಲಿದರೆ ಮತ್ತೆ ತುಂಬೋಕಾಗಲ್ಲ."

ದುಂಡಕ್ಕ ಬಿರಬಿರನೆ ಮನೆ ಕಡೆ ಹೊರಟಳು. ದಾರಿಯಲ್ಲಿ ಗೊಣಗಿದಳು: "ಅಂಬಲಿಯಂತೆ! ನಾಳೆ ಮಧ್ಯಾಹ್ನ ಆ ಹಕ್ಕಿ ಕಾಳು ಹೆಕ್ಕೋಕೆ ಹೋಗಲಿ. ನಾನೇ ಕಚ್ಚಿ ಸೀಳಿ ನೋಡ್ತೀನಿ."

ಹಿಂದೆ ಬರುತ್ತಿದ್ದ ಕೀಚಿ ಅದನ್ನು ಕೇಳಿಸಿಕೊಂಡಳು. ಬೇಡ ಅಮ್ಮ ಅಂದರೆ, "ಯಾಕೆ ಬೇಡ? ನೀನೂ ಸೇರಿಕೊಂಡಿದ್ದೀಯಾ?" ಅನ್ನುತ್ತಾಳೆ. ಮೇಷ್ಟ್ರಿಗೆ ಹೇಳಿ ಕಾವಲು ಹಾಕಿಸಿದರೆ ಅನುಮಾನ ಇನ್ನೂ ಜಾಸ್ತಿ. ಏನು ಮಾಡುವುದು?

ಮರುದಿನದ ಕೈಕೆಲಸ, ಎಲೆ ಸುತ್ತಿ ಗೂಡು ಮಾಡುವುದು. ಎಲ್ಲರೂ ತಮ್ಮ ಗೂಡಿನೊಳಗೆ ಹತ್ತಿ ತುಂಬಿದರು. ಕೀಚಿ ಮಾತ್ರ ಕೈಗೆ ಎಲೆ ಸುತ್ತಿಕೊಂಡು ನಸುಗುನ್ನಿ ಕಾಯಿಯ ರೋಮ ತುಂಬಿದಳು. ನಸುಗುನ್ನಿ ಗೊತ್ತಲ್ಲ? ಗೊತ್ತಿಲ್ಲದಿದ್ದರೆ ನಿಮ್ಮ ಪುಣ್ಯ. ಗೊತ್ತಿದ್ದವರು ಇದನ್ನು ಓದುತ್ತಲೇ ಕೆರೆದುಕೊಳ್ಳುತ್ತಿರುತ್ತಾರೆ. ಮೇಷ್ಟ್ರು ಕಾಳು ಹೆಕ್ಕಲು ಹಾರಿದ ಕೂಡಲೇ ಕೀಚಿ ತನ್ನ ಗೂಡನ್ನು ನಿಜವಾದ ಗೂಡಿನ ಬಲಕ್ಕೆ ಕಟ್ಟಿದಳು.

ದುಂಡಕ್ಕ ಬಂದಳು. ನೋಡಿದರೆ ಒಂದರ ಬದಲು ಎರಡು! ಮಂದ ಕಣ್ಣಿಗೆ ಎರಡೂ ಒಂದೇ. ಮೂಸಿ ನೋಡಿದಳು. ಕರಿಬೇವಿನ ಗಿಡದಲ್ಲಿ ಎಲ್ಲಕ್ಕೂ ಒಗ್ಗರಣೆ ವಾಸನೆಯೇ.

"ಕೀಚೀ, ಇದರಲ್ಲಿ ನಿಜವಾದ್ದು ಯಾವುದೇ?"

ಕೀಚಿ ಥಟ್ಟನೆ ಹೇಳಿದಳು, "ಎಡಗಡೆಯದು ಅಮ್ಮ."

ಅದು ಸತ್ಯವಾಗಿತ್ತು!

ದುಂಡಕ್ಕನ ಮೂತಿ ಎಡಕ್ಕೆ ಹೋಯಿತು. ಬಾಯಿ ತೆರೆಯಿತು. ಮೀಸೆ ಗೂಡಿಗೆ ತಾಗಿತು. ಬಾಯಿ ಮೆಲ್ಲಗೆ ಮುಚ್ಚಿತು.

"ಕೇಳಿದ ತಕ್ಷಣ ಹೇಳಿಬಿಟ್ಟೆಯಲ್ಲ!" ದುಂಡಕ್ಕ ತಿರುಗಿ ನೋಡಿದಳು. "ಏನೇ ಇದು, ಹೆತ್ತ ತಾಯಿಗೇ ಟೋಪಿ ಹಾಕ್ತೀಯಾ?"

ಹೀಗೆಂದವಳೇ ಬಲಗಡೆಯದಕ್ಕೆ ಬಾಯಿ ಹಾಕಿ ಚರಕ್ಕನೆ ಸೀಳಿದಳು.

ಆಮೇಲೆ? ಆಮೇಲೆ ಇನ್ನೇನು! "ಅಯ್ಯಯ್ಯೋ ಮೂಗು! ಅಯ್ಯಯ್ಯೋ ನಾಲಿಗೆ!" ಅಂತ ದುಂಡಕ್ಕ ಉರುಳಿದಳು, ಹೊರಳಿದಳು, ಕೆಸರಿಗೆ ಮೂತಿ ತಿಕ್ಕಿದಳು. ಮೂಗು ಊದಿ ಬದನೆಕಾಯಿಯಾಯಿತು. ನೀರಿನಿಂದ ತಲೆ ಎತ್ತಿದ ಗೊಟರಪ್ಪ, "ಏನಕ್ಕಾ, ನಿನಗೂ ರೂಪ ಬದಲಾಗ್ತಿದೆಯಾ?" ಅಂದ.

ಊದಿದ ಬಾಯಲ್ಲಿ ಇನ್ನೊಂದನ್ನು ಕಚ್ಚುವಂತಿರಲಿಲ್ಲ. ಆದರೆ ಅನುಮಾನ ಊದುತ್ತದೆಯೇ ಹೊರತು ಇಳಿಯುವುದಿಲ್ಲವಲ್ಲ! "ಈ ಮೇಷ್ಟ್ರು ಎಲ್ಲಿಂದಲೋ ಒಂದು ಚಿಟ್ಟೆ ಹಿಡಿದು ತಂದಿಟ್ಟು, ಇಗೋ ಬಂತು ಅಂತಾರೆ. ನಾನು ಬಿಡ್ತೀನಾ?" ಅಂತ ಗಿಡದ ಕೆಳಗೇ ಠಿಕಾಣಿ ಹೂಡಿದಳು. ಮೇಷ್ಟ್ರನ್ನೂ ಹತ್ತಿರ ಬಿಡಲಿಲ್ಲ, ಮಕ್ಕಳನ್ನೂ ಬಿಡಲಿಲ್ಲ. ಇರುವೆ ಬಂದರೂ, "ಎಲ್ಲಿಗೆ? ಯಾರು ಕಳಿಸಿದ್ದು?" ಅಂತ ಓಡಿಸಿದಳು.

ಹನ್ನೊಂದನೆಯ ಬೆಳಿಗ್ಗೆ ಗೂಡು ಕಪ್ಪಾಯಿತು. ಅವಳ ಮೂಗಿನ ಮುಂದೆಯೇ ಚಿಟಕ್ಕೆಂದು ಬಿರಿಯಿತು. ಒದ್ದೆ ಬಟ್ಟೆ ಮುದ್ದೆ ಮಾಡಿದಂತೆ ಏನೋ ಹೊರಬಂತು, ಕಡ್ಡಿ ಹಿಡಿದು ಜೋತುಬಿತ್ತು, ನಿಧಾನವಾಗಿ ರೆಕ್ಕೆ ಬಿಡಿಸಿತು. ಕರಿ ರೆಕ್ಕೆ, ಅದರ ಮೇಲೆ ಬಿಳಿ ಚುಕ್ಕಿಗಳ ಸಾಲು. ಒಣಗಿದ ಮೇಲೆ ಮಕ್ಕಳ ತಲೆಯ ಮೇಲೊಂದು ಸುತ್ತು ಹಾಕಿ ಹಾರಿಹೋಯಿತು.

ದುಂಡಕ್ಕ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಯಾರೋ ತಂದಿಟ್ಟರು ಅನ್ನೋಣವೆಂದರೆ, ಅಷ್ಟೂ ದಿನ ಕಾವಲಿದ್ದವಳು ಅವಳೇ.

"ಕೀಚೀ, ಅವತ್ತು ನೀನು ಹೇಳಿದ್ದು ನಿಜವಾ?"

"ಹೂಂ ಅಮ್ಮ."

"ಹೇಳುವಾಗ ಹೆದರಿಕೆ ಆಗಲಿಲ್ವಾ?"

"ಆಯ್ತು. ನೀನೆಲ್ಲಿ ನನ್ನ ಮಾತು ನಂಬಿಬಿಡ್ತೀಯೋ ಅಂತ."

ದುಂಡಕ್ಕ ತನ್ನ ಮೂಗನ್ನೊಮ್ಮೆ ಸವರಿಕೊಂಡಳು.

ನೀತಿ: ಎಲ್ಲವನ್ನೂ ಅನುಮಾನಿಸುವವರನ್ನು ಮೋಸಗೊಳಿಸಲು ಸುಳ್ಳೇ ಬೇಕಿಲ್ಲ, ನಿಜ ಹೇಳಿದರೂ ಸಾಕು.