ನಾಲ್ಕನೆಯ ಕಿಂಡಿ

ಮಾಗಿ ಮುಗಿದ ವಾರದಲ್ಲಿ ಒಂದು ಎಳೆಯ ಇಲಿ ಹೊಸ ಕಸುಬು ಹಿಡಿಯಿತು. ಕಳ್ಳರು ನುಗ್ಗುವ ಮೊದಲೇ ಗೂಡುಗಳ ಕಿಂಡಿ ಹುಡುಕಿ, ಗೂಡಿನವರಿಗೆ ತೋರಿಸಿಕೊಡುವುದೇ ಆ ಕಸುಬು. ಕಲಿಸಿದ ಮುದಿ ಹೆಗ್ಗಣ ಹೇಳಿತ್ತು: “ಕೇಳಿಕೊಂಡೇ ಒಳಗೆ ಹೋಗು. ಒಳಗಿನದನ್ನು ಮುಟ್ಟಬೇಡ. ಕಂಡದ್ದನ್ನೆಲ್ಲ ಹೇಳು.”

ಇಲಿ ಮೊದಲು ಹೋದದ್ದು ಕಾವಿಗೆ ಕೂತಿದ್ದ ಕೋಳಿಯ ಬಳಿಗೆ. ಅಪ್ಪಣೆ ಕೇಳಿತು.

“ಇಲಿಯೇ ಕಾವಲಿಗೆ ಬಂತೇ! ಕಾಲ ಕೆಟ್ಟಿತು ಬಿಡು,” ಎಂದು ಕೋಳಿ ನಕ್ಕಿತು. “ಆಗಲಿ, ನೋಡಪ್ಪ. ನನ್ನ ಹತ್ತು ಮೊಟ್ಟೆಯೂ ಇಲ್ಲೇ ಇವೆ.”

ಅರ್ಧ ದಿನ ಮೂಸಿ, ಕೆರೆದು, ಇಲಿ ನಾಲ್ಕು ಕಿಂಡಿ ಕಂಡುಹಿಡಿಯಿತು. ಒಂದನ್ನೂ ಬಿಡದೆ ಹೇಳಿಬಿಟ್ಟರೆ ಕೋಳಿ ತನ್ನನ್ನು ಮತ್ತೆ ಕರೆಯುವುದುಂಟೇ ಎಂದು ಅದಕ್ಕೆ ಅನ್ನಿಸಿತು. ಮೂರನ್ನು ತೋರಿಸಿತು. ಹುಲ್ಲಿನ ಹಿಂದಿನ ನಾಲ್ಕನೆಯದನ್ನು ತನ್ನಲ್ಲೇ ಇಟ್ಟುಕೊಂಡಿತು.

ಕೋಳಿ ಮೂರಕ್ಕೂ ಮಣ್ಣು ಮೆತ್ತಿತು. ಎಷ್ಟೋ ದಿನಗಳ ಮೇಲೆ ಮೊಟ್ಟೆಗಳನ್ನು ಬಿಟ್ಟು ನಿಶ್ಚಿಂತೆಯಿಂದ ಕಾಳು ಹೆಕ್ಕಲು ಹೋಯಿತು.

ಮರುದಿನ ಇಲಿಗೆ ಕರೆ ಬಂತು.

“ಹಾವು ಬಂದುಹೋಗಿದೆ,” ಎಂದಿತು ಕೋಳಿ. “ಎಲ್ಲಿಂದ ಬಂತೋ ಹುಡುಕಿಕೊಡು.”

ಇಲಿ ನೆಟ್ಟಗೆ ಹುಲ್ಲಿನ ಹಿಂದಕ್ಕೆ ಓಡಿ, “ಇಲ್ಲಿಂದ, ಅಮ್ಮ!” ಎಂದಿತು.

ಕೋಳಿ ಇಲಿಯನ್ನೇ ನೋಡಿತು. “ನಿನ್ನೆ ಅರ್ಧ ದಿನ ಮೂಸಿದವನು ನೀನು. ಇವತ್ತು ನಿನಗೆ ಮೂಗೇ ಬೇಕಾಗಲಿಲ್ಲವಲ್ಲ?”

ಇಲಿ ಗೂಡಿನ ಕಡೆ ತಿರುಗಿ ನೋಡಿತು. ಉಳಿದಿದ್ದ ಮೊಟ್ಟೆಗಳು ಎರಡು.