ಸಾಕು ಅನ್ನದ ಬಲ್ಬು

ಒಂದು ಮುದಿ ಟ್ರ್ಯಾಕ್ಟರಿಗೆ ಮೇಸ್ತ್ರಿ ದಾವಲಸಾಬ ಆರು ವೋಲ್ಟಿನ ಬ್ಯಾಟರಿ ತೆಗೆದು ಹನ್ನೆರಡರದು ಕೂರಿಸಿದ. ಅದಕ್ಕೆ ತಕ್ಕ ಬಲ್ಬು ತರಲು ಪೇಟೆಗೆ ಹೋದ. ಹಳೆ ಬಲ್ಬು ಗಾಬರಿಯಾಯಿತು. ಅಯ್ಯೋ, ನನ್ನ ಜಾಗ ಹೋಯಿತಲ್ಲ!

"ಬ್ಯಾಟರಿ ಮಾವಾ, ನನಗೂ ಬಡಿಸು. ಉಂಡು ಅರಗಿಸಿ ತೋರಿಸುತ್ತೇನೆ. ಆಮೇಲೆ ಆ ಹೊಸಬ ಯಾಕೆ ಬೇಕು?"

"ನನ್ನ ಕೈ ದೊಡ್ಡದು ಮಗಾ, ನಿನ್ನದು ಆರರ ಹೊಟ್ಟೆ," ಅಂದಿತು ಬ್ಯಾಟರಿ.

ಎಣ್ಣೆ ತೋರಿಸುವ ಮುಳ್ಳು ನಡುವೆ ಬಾಯಿ ಹಾಕಿತು: "ನನ್ನದೂ ಆರರದೇ ಹೊಟ್ಟೆ ತಮ್ಮಾ. ಅದಕ್ಕೇ ಮೇಸ್ತ್ರಿ ನನ್ನ ತಂತಿಗೆ ಅರ್ಧವಷ್ಟೇ ಬಿಡುವ ತಡೆಯೊಂದನ್ನು ಕಟ್ಟಿದ್ದಾನೆ, ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದ ಹಾಗೆ. ನೀನೂ ಸಾಕು ಅನ್ನೋದು ಕಲಿ."

"ಸಾಕು ಅನ್ನೋದು ಕೈಲಾಗದವರ ಮಾತು. ಬಡಿಸು ಮಾವಾ!"

ಬ್ಯಾಟರಿಗೂ ಕೈ ತುರಿಸುತ್ತಿತ್ತು, ಬಡಿಸಿಯೇ ಬಿಟ್ಟಿತು. ಟ್ರ್ಯಾಕ್ಟರು ನಿಂತಿದ್ದ ಕತ್ತಲ ಕೊಟ್ಟಿಗೆಯೆಲ್ಲ ಝಗ್ಗೆಂದು ಹಗಲಾಯಿತು. ಎತ್ತು ಬೆರಗಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಕತ್ತಲಾಯಿತು.

ಮರುದಿನ ತಿಪ್ಪೆಯ ಮೇಲೆ ಕುಳಿತು ಬಲ್ಬು ಒಡಕು ಗಡಿಗೆಗೆ ಹೇಳುತ್ತಿತ್ತು: "ಅಂಥ ಬೆಳಕನ್ನು ಈ ಊರು ಕಂಡೇ ಇರಲಿಲ್ಲ ಅಕ್ಕಾ."

"ಹೌದಪ್ಪಾ," ಅಂದಿತು ಗಡಿಗೆ, "ನಾನು ಒಡೆದ ಸದ್ದೂ ಓಣಿಗೆಲ್ಲ ಕೇಳಿಸಿತ್ತು."