ಪೂರಾ ಆಣೆ ಇಡದ ನೀರುಗಂಟಿ

ಮರಿಬಸಪ್ಪ ಗುರುಗಳಿಗೆ ಅಡ್ಡಬಿದ್ದು ಕೇಳಿದ:

“ಬುದ್ಧಿ, ನಮ್ಮ ಮನೆಯವಳ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ. ಕೊಯ್ದು ತೆಗೆಯುವ ಹಾಗಿಲ್ಲವಂತೆ. ಗಡ್ಡೆ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಬೆಳೆಸಿಕೊಂಡು ದಪ್ಪವಾಗುತ್ತದಂತೆ. ಆ ನಾಳ ಬೆಳೆಯದ ಹಾಗೆ ತಡೆಯುವ ಪೆಪ್ಟೈಡ್ ಅನ್ನುವ ಸೂಜಿಮದ್ದು ಬಂದಿದೆ, ಇನ್ನೂ ಪರೀಕ್ಷೆಯಲ್ಲಿದೆ ಅನ್ನುತ್ತಾರೆ ಡಾಕ್ಟರು. ಗುಣವಾಗುತ್ತದೆಯೇ ಎಂದರೆ ‘ನೋಡೋಣ’ ಅನ್ನುತ್ತಾರೆ. ‘ನೋಡೋಣ’ ಅನ್ನುವವರ ಕೈಗೆ ಅವಳನ್ನು ಹೇಗೆ ಒಪ್ಪಿಸಲಿ?”

ಗುರುಗಳು ಹೇಳಿದರು:

ಒಬ್ಬ ರೈತನಿದ್ದ. ಅವನ ಗದ್ದೆಯ ಎತ್ತರದ ಮೂಲೆಯಲ್ಲಿ ಜೊಂಡು ಹುಟ್ಟಿತು. ಬೇರು ಬದುವಿನೊಳಗೆ ಹೆಣೆದುಕೊಂಡಿತ್ತು. ಕಿತ್ತರೆ ಬದುವೇ ಒಡೆಯುತ್ತಿತ್ತು. ಜೊಂಡು ಬೇರು ಚಾಚಿ ಕಾಲುವೆಯಿಂದ ಸಣ್ಣ ಸಣ್ಣ ಸೀಳು ಮಾಡಿಕೊಂಡು ನೀರು ಎಳೆದುಕೊಳ್ಳುತ್ತಿತ್ತು. ರೈತ ನೀರುಗಂಟಿಯನ್ನು ಕರೆದ. ಆ ಊರಿನಲ್ಲಿ ಕೆರೆಯ ನೀರನ್ನು ಗದ್ದೆ ಗದ್ದೆಗೆ ಬಿಡುವವನೂ ಕಟ್ಟುವವನೂ ಅವನೇ.

ನೀರುಗಂಟಿ ಹೇಳಿದ, “ದಿನಾ ಬಂದು ಸೀಳುಗಳಿಗೆ ಮಣ್ಣು ಮೆತ್ತುತ್ತೇನೆ ಗೌಡರೇ. ಪೈರಿಗೂ ಒಂದಿಷ್ಟು ನೀರು ಕಡಿಮೆಯಾದೀತು, ನೀವೂ ನೋಡುತ್ತಿರಿ.”

ರೈತನಿಗೆ ಅನುಮಾನ ಬಂತು. ಕೀಳುವುದಿಲ್ಲ, ಕಡಿಯುವುದಿಲ್ಲ, ಬರಿಯ ಮಣ್ಣು ಮೆತ್ತುವನಂತೆ! ಅವನನ್ನು ಅಮ್ಮನ ಗುಡಿಗೆ ಕರೆದೊಯ್ದು, “ಅಮ್ಮನ ಪಾದದ ಅರಿಶಿನ, ಈ ಭಂಡಾರ ಮುಟ್ಟಿ ಆಣೆ ಇಡು, ಜೊಂಡು ಸಾಯುತ್ತದೆ ಅಂತ” ಎಂದ.

ನೀರುಗಂಟಿ ಭಂಡಾರ ಮುಟ್ಟಿದ. “ಕಣ್ಣಿಗೆ ಬಿದ್ದ ಸೀಳನ್ನೆಲ್ಲ ಮುಚ್ಚುತ್ತೇನೆ, ತಾಯಿ. ಜೊಂಡು ಸತ್ತೇ ಸಾಯುತ್ತದೆ ಅನ್ನಲಾರೆ.”

“ಇದೆಂಥ ಆಣೆಯೋ! ತಪ್ಪಿಸಿಕೊಳ್ಳಲು ಕಂಡಿ ಇಟ್ಟುಕೊಂಡೇ ಆಣೆ ಇಡುತ್ತೀಯಲ್ಲ!”

ಮೂರು ಮಂಗಳವಾರ ಗುಡಿಗೆ ಕರೆತಂದ. ಮೂರು ಸಲವೂ ನೀರುಗಂಟಿ ಅಷ್ಟೇ ಮಾತು ಹೇಳಿದ. ಪೂರಾ ಆಣೆ ಇಡುವವರೆಗೆ ರೈತ ಅವನನ್ನು ಗದ್ದೆಗೆ ಇಳಿಸಲಿಲ್ಲ. ಅಷ್ಟರಲ್ಲಿ ಜೊಂಡು ಮೂಲೆ ದಾಟಿತು.

ನಾಲ್ಕನೆಯ ವಾರ ಪರ ಊರಿನವನೊಬ್ಬ ಬಂದ. ಯಾರೂ ಕೇಳದೆ ಭಂಡಾರ ಮುಟ್ಟಿದ. “ಒಂದು ದಳ ಉಳಿದರೆ ನನ್ನ ನಾಲಗೆ ಬಿದ್ದುಹೋಗಲಿ” ಎಂದ. ರೈತ ಕೈಮುಗಿದು ಗದ್ದೆ ತೋರಿಸಿದ. ಅವನು ಒಂದೇ ಬೆಳಿಗ್ಗೆ ಜೊಂಡನ್ನೆಲ್ಲ ನೆಲಮಟ್ಟ ಕೊಯ್ದು, ಊಟ ಮಾಡಿ ಹೋದ. ಸೀಳುಗಳು ತೆರೆದೇ ಇದ್ದವು. ಬೇರಿಗೆ ನೀರು ಹರಿಯುತ್ತಲೇ ಇತ್ತು.

ಪೈರು ತೆನೆ ಕಟ್ಟುವ ಹೊತ್ತಿಗೆ ಗದ್ದೆಯ ತುಂಬ ಮತ್ತೆ ಚಿಗುರಿದ ಜೊಂಡು, ಪೈರೇ ಇರಲಿಲ್ಲ. ಆಗಲೂ ರೈತ, ನೀರುಗಂಟಿಯೇ ಕದ್ದು ಬಂದು ಸೀಳು ಬಿಟ್ಟಿರಬೇಕೆಂದು, ಬದುವಿನ ಮೇಲೆ ಬಗ್ಗಿಕೊಂಡು ಅವನ ಹೆಜ್ಜೆ ಗುರುತು ಹುಡುಕುತ್ತಿದ್ದ.

ಗುರುಗಳ ಕಥೆ ಮುಗಿಯಿತು. ಮರಿಬಸಪ್ಪ, “ಅಂದರೆ ಡಾಕ್ಟರನ್ನು ಅನುಮಾನಿಸಲೇಬಾರದೇ, ಬುದ್ಧಿ?” ಎಂದ.

“ಅನುಮಾನಿಸು, ಕೂತು ಎಲ್ಲವನ್ನೂ ಕೇಳು, ಆದರೆ ಮರಿಬಸಪ್ಪ, ಪೂರಾ ಗುಣ ಮಾಡುತ್ತೇನೆಂದು ನಿನಗೆ ಈಗಾಗಲೇ ಆಣೆ ಇಟ್ಟಿರುವವನು ಯಾರು?”

ಮರಿಬಸಪ್ಪ ಜೇಬಿನಿಂದ ನಾಟಿ ವೈದ್ಯನೊಬ್ಬ ಕೊಟ್ಟ ಬೇರಿನ ಪೊಟ್ಟಣ ತೆಗೆದು ಗುರುಗಳ ಮುಂದಿಟ್ಟ.